ಕಟ್ಟಡ ಬರುತ್ತೆ, ಜನ ಬರಲ್ಲ: ಲಂಡನ್ನಿನ ಹಳೇ ಚಿತ್ರದ ಬಗ್ಗೆ

ಬಣ್ಣದಡಬ್ಬಿ:
ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿಯಾಗಿದ್ದ ಈಸ್ಟ್ ಇಂಡಿಯಾ ಹೌಸ್‌ನ ಹರಾಜು ಹಾಲ್‌ನ ಚಿತ್ರ ನೋಡಿಕೊಂಡು ಜಲವರ್ಣದಲ್ಲಿ ಬರೆಯುತ್ತಿದ್ದೇನೆ. ಗೋಡೆ, ಚಾವಣಿ ಹೇಗೋ ಬಂತು. ಬೆಂಚಿನ ಮೇಲಿನ ಜನ ಮಾತ್ರ ನವರಾತ್ರಿ ಗೊಂಬೆ ಕೂರಿಸಿದ ಹಾಗಿದ್ದಾರೆ. ಕೆಳಗೆ ರೋಲಂಡ್‌ಸನ್, ಪ್ಯೂಜಿನ್ ಅಂತ ಎರಡು ಹೆಸರಿದೆ. ಒಂದೇ ಚಿತ್ರಕ್ಕೆ ಇಬ್ಬರು ಯಾಕೆ?

ಮಸಿಕುಡಿಕೆ:
ಅದು ಆಕರ್‌ಮನ್ ಎಂಬ ಪ್ರಕಾಶಕ 1808ರಿಂದ 1810ರವರೆಗೆ ಹೊರತಂದ ‘ಮೈಕ್ರೋಕಾಸಮ್ ಆಫ್ ಲಂಡನ್’ ಪುಸ್ತಕದ ಚಿತ್ರ. ಒಟ್ಟು 104 ಇವೆ. ಕಟ್ಟಡ ಪ್ಯೂಜಿನ್‌ದು, ಜನ ರೋಲಂಡ್‌ಸನ್‌ದು. ಆಮೇಲೆ ಅಕ್ವಾಟಿಂಟ್‌ನಲ್ಲಿ (ಲೋಹದ ತಗಡನ್ನು ಆಮ್ಲದಿಂದ ಕೊರೆದು ನೆರಳು ಮೂಡಿಸುವ ವಿಧಾನ) ಅಚ್ಚು ಹಾಕಿ, ಪ್ರತಿಯೊಂದಕ್ಕೂ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರು.

ಹಳೇಟೀಸ್ಕೇಲು:
ನಾನು ಮೂವತ್ತು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಇಬ್ಬರು ಬರೆಯೋದು ವಿಚಿತ್ರವೇನಲ್ಲ ಸಾರ್. ನಮ್ಮ ಆಫೀಸಿನಲ್ಲೂ ಪರ್ಸ್‌ಪೆಕ್ಟಿವ್ ನಾನು ಹಾಕುತ್ತಿದ್ದೆ, ಜನರನ್ನು ಪಕ್ಕದ ಮೇಜಿನವರು ಕೂರಿಸುತ್ತಿದ್ದರು. ಆತುರವಿದ್ದರೆ ಲೆಟ್ರಾಸೆಟ್ ಹಾಳೆ ಉಜ್ಜುತ್ತಿದ್ದೆವು, ಅದರಲ್ಲಿನ ಸಿದ್ಧ ಜನರ ಚಿತ್ರ ಕಾಗದಕ್ಕೆ ಅಂಟಿಕೊಳ್ಳುತ್ತಿತ್ತು. ಅದರಲ್ಲಿದ್ದವರೆಲ್ಲ ಕೋಟು ಹಾಕಿದವರು! ಸೀರೆ ಉಟ್ಟ ಹೆಂಗಸು ಬೇಕೆಂದರೆ ಪೆನ್ನೇ ಗತಿ.

ನಿಮ್ಮ ತೊಂದರೆ ಏನು ಗೊತ್ತಾ? ಜನಕ್ಕೂ ಸ್ಕೇಲ್ ಇಟ್ಟಿದ್ದೀರಿ. ರೋಲಂಡ್‌ಸನ್ ವ್ಯಂಗ್ಯಚಿತ್ರಕಾರ. ಅವನ ಗೆರೆ ಎಲ್ಲೂ ನೇರ ಹೋಗಲ್ಲ: ಹೊಟ್ಟೆ ಮುಂದೆ, ಬೆನ್ನು ಬಾಗು, ಒಬ್ಬನ ಭುಜ ಇನ್ನೊಬ್ಬನ ಮುಖಕ್ಕೆ ಅಡ್ಡ. ಹಾಗಾಗಿ ಒಬ್ಬೊಬ್ಬರನ್ನೇ ಬರೆಯಬೇಡಿ. ಮೊದಲು ಗುಂಪನ್ನು ಒಂದೇ ಬೂದು ಮಚ್ಚೆಯಾಗಿ ಹಾಕಿ, ಒಣಗಿದ ಮೇಲೆ ನಾಲ್ಕೈದು ತಲೆ ಮಾತ್ರ ಬಿಡಿಸಿ. ಹಿಂದಿನ ಸಾಲಿಗೆ ಕಣ್ಣು ಮೂಗು ಬೇಡವೇ ಬೇಡ.

ಅಳತೆಯೊಂದು ನೋಡಿಕೊಳ್ಳಿ. ಜನ ಸ್ವಲ್ಪ ದೊಡ್ಡದಾದರೂ ಹಾಲ್ ಕುಗ್ಗಿ ನಮ್ಮೂರ ಛತ್ರ ಆಗಿಬಿಡುತ್ತೆ. ನಾನಂತೂ ಒಂದು ಬ್ಯಾಂಕಿನ ಚಿತ್ರದಲ್ಲಿ ಕ್ಯಾಷಿಯರ್‌ನನ್ನು ಬಾಗಿಲಿಗಿಂತ ಎತ್ತರ ಮಾಡಿ ಬೈಸಿಕೊಂಡಿದ್ದೇನೆ.

ಮಸಿಕುಡಿಕೆ:
ಅಂದ ಹಾಗೆ, 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯನ್ನು 1808ರಲ್ಲಿ ಪ್ರದರ್ಶನಕ್ಕಿಟ್ಟಿದ್ದು ಇದೇ ಕಟ್ಟಡದಲ್ಲಿ. ಈಗ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕಟ್ಟಡವನ್ನು 1861ರಲ್ಲಿ ಕೆಡವಿದರು.

ಬಣ್ಣದಡಬ್ಬಿ:
ಹುಲಿ ವಿಷಯ ಗೊತ್ತೇ ಇರಲಿಲ್ಲ! ಹಳೇಟೀಸ್ಕೇಲು ಸಾರ್, ಬೂದು ಮಚ್ಚೆ ಹಾಕಿ ನೋಡಿದೆ. ಹಿಂದಿನ ಮೂರು ಸಾಲು ಜೀವ ಬಂತು. ಮುಂದೆ ಕೂತ ದಪ್ಪ ಮನುಷ್ಯ ಮಾತ್ರ ಇನ್ನೂ ನಮ್ಮ ಸೋದರಮಾವನ ಥರಾನೇ ಇದ್ದಾನೆ.

ಹಳೇಟೀಸ್ಕೇಲು:
ಅವನನ್ನು ಮುಟ್ಟಬೇಡಿ.