ಬಸ್ಸಿನಲ್ಲಿ ಸೀಟು ಬಿಡದಿದ್ದವರು ರೋಸಾ ಪಾರ್ಕ್ಸ್ ಒಬ್ಬರೇ ಅಲ್ವಂತೆ, ಉಳಿದವರು ಯಾರು?

ಪ್ರಶ್ನೆ:
ಅಮೆರಿಕದ ಇತಿಹಾಸದಲ್ಲಿ ಜಾಸ್ತಿ ಹೆಸರು ಕೇಳಿಬರದ ಒಬ್ಬ ಹೆಣ್ಣುಮಗಳ ಬಗ್ಗೆ ನನ್ನ ಮಗಳು ಕ್ಲಾಸಿನಲ್ಲಿ ಮೂರು ನಿಮಿಷ ಮಾತಾಡಬೇಕು. ಕ್ಲಾಡೆಟ್ ಕಾಲ್ವಿನ್ ಅವರನ್ನು ಆರಿಸಿಕೊಂಡಿದ್ದಾಳೆ. ನಾನು ಆ ಹೆಸರು ಕೇಳಿದ್ದೇ ಮೊನ್ನೆ. 1955ರ ಮಾರ್ಚ್ 2, ಅಲಬಾಮಾದ ಮಾಂಟ್‌ಗೊಮೆರಿ. 15 ವರ್ಷದ ಕಪ್ಪು ಹುಡುಗಿ, ಶಾಲೆ ಬಿಟ್ಟು ಬಸ್ಸು ಹತ್ತಿದವಳು. ಬಿಳಿಯರಿಗೆ ಸೀಟು ಬಿಡು ಅಂದರೆ ಏಳಲಿಲ್ಲ. ಪೊಲೀಸರು ಎಳೆದು ಇಳಿಸಿ ಕೈಕೋಳ ಹಾಕಿದರು. ಇದೇ ಊರಿನಲ್ಲಿ ಇದೇ ಕಾರಣಕ್ಕೆ ಹೆಸರಾದ ರೋಸಾ ಪಾರ್ಕ್ಸ್ ಅರೆಸ್ಟ್ ಆಗಿದ್ದು ಡಿಸೆಂಬರ್ 1ಕ್ಕೆ, ಒಂಬತ್ತು ತಿಂಗಳು ಆದ ಮೇಲೆ. "ಅಮ್ಮಾ, ಹಾಗಾದ್ರೆ ಕ್ಲಾಡೆಟ್‌ನ ಯಾಕೆ ಮರೆತರು?" ಅಂತ ಮಗಳು ಕೇಳಿದಳು. ನನಗೆ ಹೇಳಲು ಆಗಲಿಲ್ಲ. ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1:
ಮರೆತರು ಅನ್ನುವುದಕ್ಕಿಂತ ಪಕ್ಕಕ್ಕಿಟ್ಟರು ಅನ್ನಬೇಕು. ಕಪ್ಪು ಜನರ ಹೋರಾಟದ ಮುಂದಾಳುಗಳಿಗೆ ಅವಳು ತೀರಾ ಚಿಕ್ಕವಳು ಅನ್ನಿಸಿತು. ಆಮೇಲೆ ಮದುವೆಗೆ ಮುಂಚೆ ಬಸುರಿಯಾದಳು, ಅಲ್ಲಿಗೆ ಮುಗಿಯಿತು. ಆದರೆ ಬಸ್ಸಿನಲ್ಲಿ ಕಪ್ಪು ಜನ, ಬಿಳಿಯರು ಬೇರೆ ಬೇರೆ ಕೂರಬೇಕು ಅನ್ನುವ ಆ ಕಾನೂನನ್ನು ಬೀಳಿಸಿದ ಕೇಸಿನಲ್ಲಿ ರೋಸಾ ಇರಲೇ ಇಲ್ಲ! ಅವರ ಮೇಲ್ಮನವಿ ರಾಜ್ಯದ ಕೋರ್ಟಿನಲ್ಲಿ ಬಾಕಿ ಇತ್ತು. ಎರಡೂ ಕೇಸು ಗೋಜಲಾಗಬಾರದು ಅಂತ ವಕೀಲರಾದ ಫ್ರೆಡ್ ಗ್ರೇ ಇದರಲ್ಲಿ ರೋಸಾರನ್ನು ಸೇರಿಸಲಿಲ್ಲ. ಕೇಸಿನಲ್ಲಿ ಕೊನೆವರೆಗೂ ನಿಂತವರು ಅರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ನಿಮ್ಮ ಮಗಳ ಕ್ಲಾಡೆಟ್. 1956ರ ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಇವರ ಗೆಲುವನ್ನು ಎತ್ತಿಹಿಡಿಯಿತು. ಈ ನಾಲ್ಕೂ ಹೆಸರನ್ನು ಮಗಳು ಗಟ್ಟಿಯಾಗಿ ಹೇಳಲಿ.

ಉತ್ತರ 2:
ಜೋ ಆನ್ ರಾಬಿನ್ಸನ್ ಅವರನ್ನು ಬಿಡಬೇಡಿ. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರಲ್ಲಿ ಹೆಚ್ಚುಕಡಿಮೆ ಖಾಲಿ ಇದ್ದ ಬಸ್ಸಿನಲ್ಲಿ ಮುಂದೆ, ಬಿಳಿಯರ ಜಾಗದಲ್ಲಿ ಕೂತಿದ್ದಕ್ಕೆ ಡ್ರೈವರ್ ಮೈಮೇಲೆ ಬರುವಂತೆ ಕಿರುಚಿದ. ಅಳುತ್ತಾ ಇಳಿದುಹೋದರು. 1954ರ ಮೇನಲ್ಲಿ, ಹೀಗೇ ಆದರೆ ಜನ ಬಸ್ಸು ಹತ್ತುವುದನ್ನೇ ಬಿಡುತ್ತಾರೆ ಅಂತ ಮೇಯರ್‌ಗೆ ಪತ್ರ ಬರೆದರು. ರೋಸಾ ಅರೆಸ್ಟ್ ಆದ ಸುದ್ದಿ ತಿಳಿದ ರಾತ್ರಿಯೇ ಕಾಲೇಜಿಗೆ ಹೋದರು. ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಅಂತ ಸೈಕ್ಲೋಸ್ಟೈಲ್ ಅನ್ನುವ ನಕಲು ತೆಗೆಯುವ ಮೆಷಿನ್ನಿನಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು. ಒಂದೊಂದು ಹಾಳೆಯಲ್ಲಿ ಮೂರು ಕರಪತ್ರ. ಅದನ್ನು ಕತ್ತರಿಸಬೇಕು, ಕಟ್ಟು ಕಟ್ಟಬೇಕು. ಬೆಳಗಿನ ಜಾವಕ್ಕೆ ಕೆಲಸ ಮುಗಿಯಿತು. 8 ಗಂಟೆಗೆ ಕ್ಲಾಸು ಇತ್ತು, ಹೋಗಿ ಪಾಠ ಮಾಡಿದರು. ಆಮೇಲೆ ಊರೆಲ್ಲ ಹಂಚಲು ಹೊರಟರು. ಆ ಒಂದು ದಿನದ ಕರೆ 381 ದಿನ ನಡೆಯಿತು.

ಉತ್ತರ 3:
ಅಷ್ಟು ದಿನ ಜನರನ್ನು ಕಾರುಗಳಲ್ಲಿ ಕರೆದೊಯ್ಯಲು ಪೆಟ್ರೋಲಿಗೆ ದುಡ್ಡು ಬೇಕಲ್ವಾ? ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಮತ್ತು ಜೊತೆಯ ಹೆಂಗಸರು ಕೋಳಿ ಕರಿದು, ಕೇಕು ಮಾಡಿ ಮಾರಿ ಆ ದುಡ್ಡನ್ನು ಚಳವಳಿಗೆ ಕೊಟ್ಟರು. ಗುಂಪಿನ ಹೆಸರು 'ಕ್ಲಬ್ ಫ್ರಮ್ ನೋವೇರ್'. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ! ಯಾರು ಕೊಟ್ಟರು ಅಂತ ಗೊತ್ತಾದರೆ ಕೆಲಸ ಹೋಗುತ್ತಿತ್ತು.

ಒಂದು ಮಾತು, ರೋಸಾ ಅವರನ್ನು ಚಿಕ್ಕದು ಮಾಡಬೇಡಿ. ಸುಮ್ನೆ ಸುಸ್ತಾಗಿ ಕೂತವರಲ್ಲ, 1943ರಿಂದಲೇ ಹೋರಾಟದ ಸಂಘಟನೆಯಲ್ಲಿ ದುಡಿದವರು. ಕ್ಲಾಡೆಟ್‌ಗೂ ಅವರ ಪರಿಚಯ ಇತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ಸೈಕ್ಲೋಸ್ಟೈಲ್ ಅಂದರೇನು ಅಂತ ಕೇಳಿ, ಚಿತ್ರ ಬರೆಸಿಕೊಂಡಳು. ಕ್ಲಾಡೆಟ್ ಅವರ ಮೇಲಿದ್ದ ಆ ಹಳೇ ಕೇಸಿನ ದಾಖಲೆಯನ್ನು ಕೋರ್ಟ್ ಅಳಿಸಿದ್ದು 2021ರಲ್ಲಂತೆ, ಅವರಿಗೆ 82 ವರ್ಷ ಆದಾಗ. ಮಾತು ಅಲ್ಲಿಂದಲೇ ಶುರು ಮಾಡ್ತೀನಿ ಅನ್ನುತ್ತಿದ್ದಾಳೆ.