ಅಪ್ಪ ಅಮ್ಮನ ಜೊತೆ ಪರ್ಷಿಯನ್ ಕಬಾಬ್ ಹೋಟೆಲ್‌ಗೆ ಹೋದರೆ ಏನು ತಿನ್ನಬಹುದು?

ಹಾಸನದವನು, ಕಲ್ವರ್ ಸಿಟಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಲಾಸ್ ಏಂಜಲಿಸ್ ಪಕ್ಕದಲ್ಲಿ. ಅಪ್ಪ ಅಮ್ಮ ಊರಿಂದ ಬಂದು ಆರು ವಾರ ಆಯಿತು. ಪೀಟ್ಸಾ ಒಂದು ಸಲ, ಬರಿಟೊ ಒಂದು ಸಲ ತಿಂದು ಇಬ್ಬರೂ ಸುಸ್ತಾಗಿದ್ದಾರೆ. ಅಪ್ಪನದು ಒಂದೇ ಮಾತು: "ಅನ್ನ ಸಿಗೋ ಕಡೆ ಕರ್ಕೊಂಡು ಹೋಗಪ್ಪ." ವೆಸ್ಟ್‌ವುಡ್ ಬುಲೆವಾರ್ಡ್‌ನ ಇರಾನಿ ಹೋಟೆಲ್‌ಗಳಲ್ಲಿ ಅನ್ನ ಚೆನ್ನಾಗಿರುತ್ತೆ ಅಂತ ಕೇಳಿದ್ದೇನೆ. ದುಬಾರಿ ಜಾಗ ಬೇಡ. ಕೌಂಟರ್‌ನಲ್ಲಿ ಹೇಳಿ, ನಂಬರ್ ಹಿಡಿದು ಕೂರುವಂಥದ್ದು ಸಾಕು.

ತೊಂದರೆ ಎರಡು. ಅಪ್ಪ ಕೋಳಿ, ಕುರಿ ತಿನ್ನುತ್ತಾರೆ, ದನದ ಮಾಂಸ ಮುಟ್ಟುವುದಿಲ್ಲ. ಅಮ್ಮ ಹತ್ತು ವರ್ಷದಿಂದ ಮಾಂಸ, ಮೊಟ್ಟೆ ಎರಡೂ ಬಿಟ್ಟಿದ್ದಾರೆ. ಹೋದ ವರ್ಷ ಆಫೀಸಿನವರ ಜೊತೆ ಒಂದು ಹೋಟೆಲ್‌ಗೆ ಹೋಗಿದ್ದೆ. ಕೂಬಿದೇ ಅಂದರೆ ಕುರಿ ಅಂದುಕೊಂಡು ತರಿಸಿದೆ. ಅರ್ಧ ತಿಂದ ಮೇಲೆ ದನದ್ದು ಅಂತ ಗೊತ್ತಾಯಿತು. ಕೌಂಟರ್‌ನಲ್ಲಿ ಕೇಳಿದ್ದಕ್ಕೆ "ಮೀಟ್" ಅಂತ ಮಾತ್ರ ಹೇಳಿದ್ದರು. ಅವತ್ತು ತುಂಬಾ ಬೇಜಾರಾಯಿತು. ಅಪ್ಪನಿಗೆ ಹಾಗಾಗಬಾರದು. ಗೊತ್ತಿರುವವರು ದಯವಿಟ್ಟು ಹೇಳಿ.

ಸಬ್ಬಸಿಗೆ ಸೊಪ್ಪು:

ಖಂಡಿತ ಕರ್ಕೊಂಡು ಹೋಗಿ. ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷ. ಮೊದಲ ಮನೆಯಲ್ಲಿ ಗೋಡೆಯಾಚೆ ಒಬ್ಬರು ಇರಾನಿ ಅಜ್ಜಿ ಇದ್ದರು. 1979ರ ಕ್ರಾಂತಿ ಆದಮೇಲೆ ಊರು ಬಿಟ್ಟು ಬಂದವರು. ಹಾಗೆ ಬಂದವರಿಂದಲೇ ವೆಸ್ಟ್‌ವುಡ್‌ಗೆ ಟೆಹ್ರಾಂಜೆಲಿಸ್ ಅಂತ ಹೆಸರು ಬಿದ್ದಿದ್ದು. ಈ ಊಟ ತಿನ್ನೋದನ್ನು ಕಲಿಸಿದ್ದು ಆ ಅಜ್ಜಿ. ಅವರಿಂದ ತಿಳಿದದ್ದನ್ನೇ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ವಿಷಯ. ಕೂಬಿದೇ ಅಂದರೆ ಕುಟ್ಟಿದ್ದು. ಮಾಂಸವನ್ನು ನುಣ್ಣಗೆ ಮಾಡಿ, ತುರಿದ ಈರುಳ್ಳಿ ಸೇರಿಸಿ, ಅಗಲವಾದ ಕಂಬಿಗೆ ಒತ್ತಿ ಸುಡುತ್ತಾರೆ. ಹೆಸರಲ್ಲಿ ಯಾವ ಪ್ರಾಣಿ ಅಂತ ಇರುವುದೇ ಇಲ್ಲ. ಅಮೆರಿಕದಲ್ಲಿ ಜಾಸ್ತಿ ಕಡೆ ದನದ್ದು, ಕೆಲವು ಕಡೆ ಕುರಿ ಬೆರೆಸಿದ್ದು. ತೆಳ್ಳಗೆ ಪಟ್ಟಿಯಂತೆ ಕತ್ತರಿಸಿ ಸುಡುವ ಬರ್ಗ್ ಕೂಡ ಇಲ್ಲಿ ಸಾಮಾನ್ಯವಾಗಿ ದನದ್ದೇ. ಸೊಲ್ತಾನಿ ಅಂದರೆ ಅವೆರಡೂ ಒಂದೇ ತಟ್ಟೆಯಲ್ಲಿ. ಇವು ಮೂರೂ ಬೇಡ. "ಚಿಕನ್ ಕೂಬಿದೇ" ಅಂತ ಬೇರೆಯೇ ಬರೆದಿದ್ದರೆ ಅದು ಸರಿ.

ಅಪ್ಪನಿಗೆ ಜೂಜೇ ತರಿಸಿ. ಅದು ಕೋಳಿ. ಕೇಸರಿ, ನಿಂಬೆರಸ, ಈರುಳ್ಳಿಯಲ್ಲಿ ನೆನೆಸಿ ಸುಟ್ಟದ್ದು. ಮೂಳೆ ಇರುವುದು ಸಿಕ್ಕಿದರೆ ಬಿಡಬೇಡಿ, ಒಣಗುವುದಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡಿ: ಇದರಲ್ಲಿ ಮೆಣಸಿನಕಾಯಿ ಇಲ್ಲ, ಚಕ್ಕೆ ಲವಂಗ ಇಲ್ಲ. ನಮ್ಮ ಕಬಾಬ್ ನೆನೆಸಿಕೊಂಡು ಬಾಯಿಗಿಟ್ಟರೆ ಸಪ್ಪೆ ಅನ್ನಿಸುತ್ತೆ. ನನ್ನ ಗಂಡನಿಗೂ ಮೊದಲ ಸಲ ಹಾಗೇ ಆಯಿತು.

ಏಕೆಂದರೆ ಇದು ಅನ್ನದ ಊಟ. ಚೆಲೋ ಕಬಾಬ್ ಅಂತಾರಲ್ಲ, ಚೆಲೋ ಅಂದರೆ ಅನ್ನ. ಅಕ್ಕಿ ಅರೆಬೆಂದ ಮೇಲೆ ನೀರು ಬಸಿದು, ಮತ್ತೆ ಪಾತ್ರೆಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಒಂದೊಂದು ಕಾಳೂ ಬಿಡಿಬಿಡಿ. ತಟ್ಟೆ ಬಂದ ತಕ್ಷಣ ಬಿಸಿ ಇರುವಾಗಲೇ ಬೆಣ್ಣೆ ಹಾಕಿ. ಸುಟ್ಟ ಟೊಮೆಟೊ ಕೊಟ್ಟಿರುತ್ತಾರೆ, ಅದನ್ನು ಚಮಚದಲ್ಲಿ ಅನ್ನದೊಳಗೇ ಹಿಸುಕಿ. ಮೇಜಿನ ಮೇಲೆ ಕಡುಗೆಂಪು ಪುಡಿ ಇರುತ್ತೆ. ಅದು ಖಾರದ ಪುಡಿ ಅಲ್ಲ, ಸುಮಾಕ್, ಹುಳಿ. ಧಾರಾಳವಾಗಿ ಉದುರಿಸಿ. ಆಮೇಲೆ ಒಂದು ತುಂಡು ಕೋಳಿ, ಒಂದು ಚಮಚ ಅನ್ನ, ಒಂದು ಕಚ್ಚು ಹಸಿ ಈರುಳ್ಳಿ. ಚಾಕು ಬೇಕಾಗಲ್ಲ, ಚಮಚದ ಅಂಚಿನಲ್ಲೇ ಮಾಂಸ ತುಂಡಾಗುತ್ತೆ. ಅಜ್ಜಿ ನನ್ನ ತಟ್ಟೆಗೆ ಹೀಗೆ ಕಲಸಿ ಕೊಟ್ಟ ದಿನವೇ ಈ ಊಟ ನನಗೆ ಹಿಡಿಸಿದ್ದು.

ಈಗ ಅಮ್ಮನ ವಿಷಯ. ಇದನ್ನು ಬರೆಯಬೇಕು ಅಂತಲೇ ಕೂತಿದ್ದು ನಾನು.

ಮೆನುವಿನಲ್ಲಿ ಬಾಘಾಲಿ ಪೋಲೋ ಹುಡುಕಿ. ಪೋಲೋ ಅಂದರೆ ನಮ್ಮ ಪಲಾವ್. ಇದರಲ್ಲಿರುವುದು ಸಬ್ಬಸಿಗೆ ಸೊಪ್ಪು ಮತ್ತು ಸಿಪ್ಪೆ ಸುಲಿದ ದಪ್ಪ ಕಾಳು, ಇಂಗ್ಲಿಷಿನಲ್ಲಿ ಫಾವಾ ಬೀನ್ಸ್. ಆ ಕಾಳು ನಮ್ಮ ಅವರೆ ಅಲ್ಲ, ಆದರೆ ನೋಡಿದರೆ ಹಿತಕಿದ ಅವರೆಬೇಳೆಯೇ ನೆನಪಾಗುತ್ತೆ. ಹಾಸನದ ಅಮ್ಮನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾ? ನಾನು ಮೊದಲ ಸಲ ಆ ಪಾತ್ರೆಯ ಮುಚ್ಚಳ ತೆಗೆದಾಗ ಡಿಸೆಂಬರ್ ತಿಂಗಳ ನಮ್ಮನೆ ಅಡುಗೆಮನೆ ಕಣ್ಣಮುಂದೆ ಬಂತು. ಅಮ್ಮ ಅಕ್ಕಿರೊಟ್ಟಿಗೆ ಸಬ್ಬಸಿಗೆ ಹೆಚ್ಚುತ್ತಿದ್ದ ವಾಸನೆ ಅದು. ಇದನ್ನು ಸಾಮಾನ್ಯವಾಗಿ ಕುರಿ ಕಾಲಿನ ಜೊತೆ ಕೊಡುತ್ತಾರೆ. "ಅನ್ನ ಮಾತ್ರ ಸಾಕು" ಅಂದರೆ ಹಾಗೇ ಕೊಡುವ ಹೋಟೆಲ್ ಎಷ್ಟೋ ಇವೆ. ಅಪ್ಪನ ಬಿಳಿ ಅನ್ನದ ಬದಲೂ ಇದನ್ನೇ ಹಾಕಿಸಬಹುದು, ಎರಡು ಮೂರು ಡಾಲರ್ ಜಾಸ್ತಿ ಕೇಳಬಹುದು. ಕೊಡಿ.

ಜೊತೆಗೆ ಮಾಸ್ತ್ ಓ ಖಿಯಾರ್ ತರಿಸಿ, ಸೌತೆಕಾಯಿ ಮೊಸರುಬಜ್ಜಿ, ಒಣ ಪುದೀನ ಹಾಕಿರುತ್ತಾರೆ. ಸಬ್ಜಿ ಅಂದರೆ ಪಲ್ಯ ಅಲ್ಲ, ತುಳಸಿ ಜಾತಿಯ ಸೊಪ್ಪು, ಪುದೀನ, ಮೂಲಂಗಿಯ ಹಸಿ ತಟ್ಟೆ. ರೊಟ್ಟಿಯಲ್ಲಿ ಸುತ್ತಿ ತಿನ್ನುವುದು. ಬದನೆಕಾಯಿಯ ಎರಡು ಪದಾರ್ಥ ಕಾಣಿಸುತ್ತವೆ. ಮಿರ್ಜಾ ಘಾಸೆಮಿ ಬೇಡ, ಮೊಟ್ಟೆ ಇದೆ. ಕಷ್ಕ್ ಬಾದೆಮ್ಜಾನ್‌ನಲ್ಲಿ ಮೊಟ್ಟೆ ಇರುವುದಿಲ್ಲ, ಆದರೆ ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳಿಕೊಳ್ಳಿ. ಘೋರ್ಮೆ ಸಬ್ಜಿ ಹೆಸರು ನೋಡಿ ಮೋಸ ಹೋಗಬೇಡಿ. ಮೆಂತ್ಯ ಸೊಪ್ಪು, ರಾಜ್ಮಾ ಎಲ್ಲ ಇದೆ, ಒಳಗೆ ಮಾಂಸವೂ ಇದೆ.

ತಹ್ದಿಗ್ ಇದ್ದರೆ ಮಾತ್ರ ಬಿಟ್ಟು ಬರಬೇಡಿ. ಪಾತ್ರೆಯ ತಳದಲ್ಲಿ ಹೊಂಬಣ್ಣಕ್ಕೆ ಗರಿಗರಿಯಾದ ಅನ್ನ. ಬೇಗ ಖಾಲಿಯಾಗುತ್ತೆ, ಹನ್ನೆರಡಕ್ಕೇ ಹೋಗಿ. ಅದರ ಮೇಲೆ ಸಾರು ಹಾಕಿ ಕೊಡುವ ರೂಢಿ ಇದೆ. ಅಮ್ಮನಿಗೆ ಸಾರಿಲ್ಲದೆ ಕೇಳಿ.

ಒಂದು ತಟ್ಟೆಯಲ್ಲಿ ಒಬ್ಬರಿಗೆ ಮುಗಿಯದಷ್ಟು ಅನ್ನ ಬರುತ್ತೆ. ಹೋದ ತಿಂಗಳು ನಾವು ಮೂವರು ಎರಡು ತಟ್ಟೆ, ಒಂದು ಮೊಸರು ತಗೊಂಡು ಐವತ್ತು ಡಾಲರ್ ಒಳಗೆ ತಿಂದು ಬಂದೆವು.

ಕಾವೇರಿ ತೀರ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೋಳಿ, ದನ ಎಲ್ಲ ಕಂಬಿಗಳನ್ನೂ ಒಂದೇ ಒಲೆಯ ಮೇಲೆ ಸುಡುವ ಹೋಟೆಲ್‌ಗಳೇ ಜಾಸ್ತಿ. ನಿಮ್ಮ ತಂದೆಗೆ ಅದು ಮನಸ್ಸಿಗೆ ಬರದಿದ್ದರೆ ಮುಚ್ಚಿಡಬೇಡಿ, ಮೊದಲೇ ಹೇಳಿ. ನಮ್ಮ ಮಾವ ಆಗ ಪಾತ್ರೆಯಲ್ಲಿ ಬೇಯಿಸಿದ ಜೆರೆಶ್ಕ್ ಪೋಲೋ ಕೋಳಿ ತಿಂದರು. ಅನ್ನದ ಮೇಲೆ ಪುಟ್ಟ ಕೆಂಪು ಹಣ್ಣು, ಕವಳೆ ಹಣ್ಣಿನ ಹಾಗೆ ಹುಳಿ. ಅವರಿಗೆ ಕಬಾಬ್‌ಗಿಂತ ಅದೇ ಇಷ್ಟವಾಯಿತು.

ರಿಚ್‌ಮಂಡ್ ಟೌನ್:

ನಾನು ಬೆಂಗಳೂರಿನಿಂದ. ಊಟದ ಸಲಹೆ ಕೊಡಲಾರೆ, ಆದರೆ ನಿಮ್ಮ ತಂದೆಗೆ ಇದನ್ನು ಹೇಳಿ. ಇರಾನಿನ ಶಿರಾಜ್‌ನಿಂದ ಕುದುರೆ ಮಾರಲು ಬೆಂಗಳೂರಿಗೆ ಬಂದು ನೆಲೆಸಿದವರು ಅಗಾ ಅಲಿ ಅಸ್ಕರ್. ನಮ್ಮ ಜಾನ್ಸನ್ ಮಾರ್ಕೆಟ್ ಬಳಿ ಅವರ ಹೆಸರಿನ ನೆನಪು ಇನ್ನೂ ಇದೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಈ ಅಲಿ ಅಸ್ಕರ್ ಅವರ ಮೊಮ್ಮಗ. ಹಾಸನದ ಹಿರಿಯರಿಗೆ ಮಿರ್ಜಾ ಸಾಹೇಬರ ಹೆಸರು ಗೊತ್ತಿರುತ್ತೆ.

ಹಾಸನದವನು, ಕಲ್ವರ್ ಸಿಟಿ:

ಶನಿವಾರ ಹೋಗಿ ಬಂದೆವು. ಎಲ್ಲರಿಗೂ ತುಂಬಾ ಧನ್ಯವಾದ.

ಹನ್ನೆರಡಕ್ಕೇ ಹೋದೆವು. ಪಾರ್ಕಿಂಗ್‌ಗೆ ಇಪ್ಪತ್ತು ನಿಮಿಷ ಸುತ್ತಿದೆ. ಒಲೆ ಒಂದೇ ಅಂತ ಅಪ್ಪನಿಗೆ ಮೊದಲೇ ಹೇಳಿದೆ. ಸ್ವಲ್ಪ ಯೋಚಿಸಿ, "ಕಂಬಿ ಬೇರೆ ತಾನೇ?" ಅಂದರು. ಕೌಂಟರ್‌ನಲ್ಲಿದ್ದವರು ಹೌದು ಅಂದರು. ಆಮೇಲೆ ಜೂಜೇ ಪೂರ್ತಿ ತಿಂದರು. ಸುಮಾಕ್ ನೋಡಿ ಮೊದಲು ಹೆದರಿದರು, ಆಮೇಲೆ ಡಬ್ಬಿ ಕೆಳಗಿಡಲಿಲ್ಲ. ಮಿರ್ಜಾ ಸಾಹೇಬರ ಮಾತು ತೆಗೆದದ್ದೇ ತಡ, ತಮ್ಮ ತಂದೆ ಹೇಳುತ್ತಿದ್ದ ಹಳೇ ಮೈಸೂರಿನ ಕಥೆ ಶುರು ಮಾಡಿದರು. ನಾನು ಕೇಳಿಯೇ ಇರಲಿಲ್ಲ.

ಅಮ್ಮ ಬಾಘಾಲಿ ಪೋಲೋ ತಟ್ಟೆಯನ್ನು ಮೂಗಿನ ಹತ್ತಿರ ತಂದು ಸುಮ್ನೆ ಕೂತರು. "ನಮ್ಮ ಸಬ್ಬಸಿಗೆನೇ ಕಣೋ" ಅಂದರು. ಮಿಕ್ಕಿದ್ದನ್ನು ಕಟ್ಟಿಸಿಕೊಂಡು ಬಂದೆವು. ಭಾನುವಾರ ಬೆಳಿಗ್ಗೆ ಅದಕ್ಕೆ ಒಗ್ಗರಣೆ ಕೊಟ್ಟು, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಬಡಿಸಿದರು. ಈಗ ಇರಾನಿ ಅಂಗಡಿಯಲ್ಲಿ ಆ ಕಾಳು ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಯಾರಿಗಾದರೂ ಗೊತ್ತಾ?

ಸಬ್ಬಸಿಗೆ ಸೊಪ್ಪು:

ಓದಿ ಕಣ್ಣು ತುಂಬಿ ಬಂತು. ಯಾವುದೇ ಇರಾನಿ ದಿನಸಿ ಅಂಗಡಿಯ ಫ್ರೀಜರ್‌ನಲ್ಲಿ ನೋಡಿ, ಸಿಪ್ಪೆ ಸುಲಿದದ್ದೇ ಸಿಗುತ್ತೆ. ಪಕ್ಕದಲ್ಲೇ ಒಣಗಿಸಿದ ಸಬ್ಬಸಿಗೆ ಇರುತ್ತೆ. ಅದು ಬೇಡ, ಹಸಿಯದೇ ತಗೊಳ್ಳಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.