ಊರಿನ ಮನೆಗೆ ಇಂಟರ್‌ನೆಟ್ ಬೀಗ: ಹಾಕಿಸಿದವರು ಅನುಭವ ಹೇಳಿ

ಪುಣೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಪುಣೆಯಲ್ಲಿ. ತೀರ್ಥಹಳ್ಳಿ ಕಡೆಯ ಊರುಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಹೋದ ತಿಂಗಳು ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದ ರಾತ್ರಿ ಅಪ್ಪ ನಡುಮನೆಯಲ್ಲಿ ಜಾರಿ ಬಿದ್ದರು. ಫೋನ್ ಕೈಗೆಟುಕುವಲ್ಲಿತ್ತು, ನನಗೆ ಕರೆ ಬಂತು. ಪಕ್ಕದ ಮನೆಯ ಅಣ್ಣ ಐದೇ ನಿಮಿಷದಲ್ಲಿ ಬಂದರು, ಆದರೆ ಬಾಗಿಲು ಒಳಗಿಂದ ಹಾಕಿತ್ತು. ಹಿತ್ತಿಲ ಬಾಗಿಲು ಮುರಿದು ಒಳಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ. ಮೂಳೆ ಮುರಿದಿರಲಿಲ್ಲ, ಅದೇ ಪುಣ್ಯ. ಆ ಮುಕ್ಕಾಲು ಗಂಟೆ ಫೋನಿನಲ್ಲಿ ಅಪ್ಪನ ನರಳಾಟ ಕೇಳುತ್ತ ಕೂತಿದ್ದೆನಲ್ಲ, ಅದು ಇನ್ನೂ ಕಿವಿಯಲ್ಲಿದೆ.

ಮುಂಬಾಗಿಲಿಗೆ ಇಲ್ಲಿಂದಲೇ ತೆಗೆಯಲು ಬರುವಂಥ ಬೀಗ ಹಾಕಿಸಬೇಕು ಅಂತಿದ್ದೇನೆ. ಹಲಸಿನ ಮರದ ಒಂಟಿ ಕದ, ಹಳೆಯದು. ಮನೆಗೆ ಫೈಬರ್ ಇಂಟರ್‌ನೆಟ್ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದಿರುವುದೂ ಇದೆ. ದೀಪಾವಳಿಗೆ ಒಂದು ವಾರ ಊರಲ್ಲಿರುತ್ತೇನೆ. ಹಾಕಿಸಿದವರು, ಹಾಕಿಸಿ ತೆಗೆಸಿದವರು, ಇಬ್ಬರೂ ಹೇಳಿ.

ಹುಬ್ಬಳ್ಳಿಯಿಂದ

ಸರ್, ನಾ ಹುಬ್ಬಳ್ಳ್ಯಾಗ ಏಳು ವರ್ಷದಿಂದ ಇದ ಬೀಗ ಕೂಡಸೋ ಕೆಲಸಾ ಮಾಡ್ತೀನಿ. ಮೊದಲ ಒಂದು ಮಾತು ಕೇಳ್ತೀನ್ರಿ. ಅವತ್ತ ರಾತ್ರಿ ಬಾಗಲಾ ಹಾಕಿದ್ದು ಬೀಗದಿಂದೋ, ಚಿಲಕದಿಂದೋ? ಚಿಲಕ ಆಗಿದ್ರ, ನೀವು ಎಷ್ಟ ತುಟ್ಟಿ ಬೀಗ ಹಾಕ್ಸಿದ್ರೂ ಪುಣೆದಾಗ ಕುಂತು ಬಾಗಲಾ ತಗ್ಯಾಕ ಬರೂದಿಲ್ಲ. ಬೀಗ ತನ್ನ ನಾಲಿಗಿ ಒಳಗ ಎಳಕೋತೈತಿ, ಮ್ಯಾಲಿನ ಚಿಲಕ ಇದ್ದಲ್ಲೇ ಇರ್ತೈತಿ. ವಯಸ್ಸಾದೋರು ಎಂಥ ಹೊಸಾ ಬೀಗ ಇದ್ರೂ ಮಲಗೋ ಮುಂದ ಚಿಲಕ ಹಾಕೇ ಹಾಕ್ತಾರ. ಎಷ್ಟ ಮನ್ಯಾಗ ನೋಡೀನಿ.

ಇನ್ನೊಂದು, ಭಾಳ ಬೀಗಕ್ಕ ಒಳಗಿನ ಮಗ್ಗಲಾಗ ಒಂದು ಸಣ್ಣ ತಿರುಗಣಿ ಇರ್ತೈತಿ. ಅದನ್ನ ತಿರುವಿಟ್ರ ಹೊರಗಿನ ನಂಬರು, ಬೆರಳು, ಫೋನು ಯಾವುದೂ ನಡಿಯೂದಿಲ್ಲ. ಕೆಲವು ಮಾಡೆಲ್‌ನ್ಯಾಗ ಕೀಲಿಕೈಯಿಂದ ತಗೀಬಹುದು, ಕೆಲವ್ರಾಗ ಅದೂ ಇಲ್ಲ. ತಗೊಳೂಕಿಂತ ಮೊದಲ ಅಂಗಡ್ಯಾಗ ಅದನ್ನ ತಿರುವಿಸಿ, ಹೊರಗಿಂದ ತಗದು ತೋರ್ಸ್ರಿ ಅನ್ರಿ. ಬಾಯಿಲೆ ಹೇಳಿದ್ದು ನಂಬಬ್ಯಾಡ್ರಿ.

ಈಗ ಕದದ ಮಾತು. ಹಲಸಿನ ಕಟಗಿ ಚೊಲೋ ಕಟಗೀನ, ಆದ್ರ ನಿಮ್ಮ ಕಡೆ ಮಳಿ ನಿಮಗ ಗೊತ್ತೈತಿ. ಕಟಗಿ ಉದ್ದಕ್ಕ ಉಬ್ಬೂದಿಲ್ಲ, ಅಡ್ಡಕ್ಕ ಉಬ್ತೈತಿ. ಅಂದ್ರ ಬೀಗ ಇರೋ ಮಗ್ಗಲಾನ ಚೌಕಟ್ಟಿಗೆ ಒತ್ತತೈತಿ. ನಾವು ಕೈಲೆ ಬೀಗ ಹಾಕೋ ಮುಂದ ಬಾಗಲಾ ಒಂಚೂರು ದೂಡಿ ಕೀಲಿ ತಿರುವ್ತೀವಿ. ಮೋಟಾರಕ್ಕ ಆ ದೂಡೂದು ಬರೂದಿಲ್ಲ. ನಾಲಿಗಿ ಹೋಗಿ ಚೌಕಟ್ಟಿನ ತಗಡಿಗೆ ಬಡಿತೈತಿ, ಮೋಟಾರ್ ಜಗ್ಗಾಡತೈತಿ, ವರ್ಷ ಬರೋ ಸೆಲ್ಲು ಒಂದೂವರಿ ತಿಂಗಳಿಗೆ ಖಾಲಿ. ಮಂದಿ ಬೀಗ ಕೆಟ್ಟೈತಿ ಅಂತ ಫೋನ್ ಮಾಡ್ತಾರ, ಹೋಗಿ ನೋಡಿದ್ರ ಬೀಗ ಛಲೋನ ಇರ್ತೈತಿ, ಬಾಗಲಾ ಉಬ್ಬಿರ್ತೈತಿ. ಪರೀಕ್ಷಾ ಭಾಳ ಸರಳ ಐತಿ: ಬಾಗಲಾ ತಗದಿಟ್ಟು ಬೀಗ ಹಾಕಿ ತಗೀರಿ, ಆಮ್ಯಾಲೆ ಮುಚ್ಚಿ ಹಾಕಿ ತಗೀರಿ. ತಗದಿಟ್ಟಾಗ ಒಂದ ಸಪ್ಪಳ, ಮುಚ್ಚಿದಾಗ ಬ್ಯಾರೆ ಸಪ್ಪಳ ಬಂತಂದ್ರ ತಪ್ಪು ಕದದ್ದು.

ಅದಕ್ಕ ನೀವು ಮೊದಲ ಕರೀಬೇಕಾದ್ದು ನನ್ನಂಥವನ್ನಲ್ಲ, ಬಡಿಗ್ಯಾನ. ಬಿಜಾಗ್ರಿ ಸಡ್ಲಾಗಿ ಕದ ಇಳಿದಿದ್ರ ಎತ್ತಸ್ರಿ. ಬೀಗದ ಮಗ್ಗಲಾ ಹತ್ರಿ ಹೊಡಸ್ರಿ. ಬೀಗಕ್ಕ ಕೊರದ ಗೂಡು ಇರ್ತೈತಲ್ಲ, ಅದರ ಒಳಗೂ ವಾರ್ನಿಶ್ ಬಳಸ್ರಿ. ಹೊರಗ ಪಾಲಿಶ್ ಹಚ್ಚಿ ಒಳಗ ಹಸೀ ಕಟಗಿ ಬಿಟ್ರ ನೀರಿನ ಪಸಿ ಅಲ್ಲಿಂದ ಹೊಕ್ಕತೈತಿ. ಕದದ ದಪ್ಪ ಅಳದು ಇಲ್ಲಿ ಹೇಳ್ರಿ. ಕೆತ್ತನಿ ಐತೋ ಇಲ್ಲೋ, ಪಕ್ಕದ ಪಟ್ಟಿ ಎಷ್ಟು ಅಗಲ ಐತಿ ಅದನ್ನೂ ಹೇಳ್ರಿ. ಬೀಗದ ಹೊರಗಿನ ಫಲಕ ಸಪಾಟು ಜಾಗದಾಗ ಕುಂದ್ರಬೇಕು.

ಕೂಡಸೋ ದಿನ ಒಂದ ನೇಮ: ಎಲ್ಲಾ ಮುಗಿಯೋತನಕ ಬಾಗಲಾ ಮುಚ್ಚಬಾರದು, ಕೀಲಿಕೈ ನಿಮ್ಮ ಕಿಸೆದಾಗ ಇರಬೇಕು. ಹೊರಗಿನ ಫಲಕದಿಂದ ಒಳಗಿನದಕ್ಕ ಒಂದು ತೆಳ್ಳಂದು ವಾಯರ್ ಬರ್ತೈತಿ. ಅವಸರದಾಗ ಸ್ಕ್ರೂ ಬಿಗಿಯೋ ಮುಂದ ಅದು ನಡುವ ಸಿಕ್ಕು ಜಜ್ಜಿ ಹೋಗ್ತೈತಿ. ಅವತ್ತು ಕೆಲಸ ಮಾಡ್ತೈತಿ, ತಿಂಗಳ ಬಿಟ್ಟು ಸಾಯ್ತೈತಿ. ಹುಡುಗ ಸ್ಕ್ರೂ ಹಾಕೋ ಮುಂದ ಹತ್ರ ನಿಂತು ನೋಡ್ರಿ.

ಉಡುಪಿಯಿಂದ

ಹುಬ್ಬಳ್ಳಿಯ ಅಣ್ಣ ಹೇಳಿದ ಚಿಲಕದ ಮಾತು ನೂರಕ್ಕೆ ನೂರು ಸತ್ಯ. ನಾನು ಅಮ್ಮನ ಮನೆಗೆ ಹಾಕಿಸಿ ಎರಡು ವರ್ಷವಾಯಿತು. ಬೀಗ ಚೆನ್ನಾಗಿಯೇ ಇದೆ, ಆದರೆ ಮೊದಲ ಆರು ತಿಂಗಳು ಅಮ್ಮನಿಗೆ ನಾನು ಕೊಟ್ಟ ಕಷ್ಟ ನೆನೆದರೆ ಬೇಜಾರಾಗುತ್ತದೆ.

ಬಾಗಿಲು ಮುಚ್ಚಿ ಹತ್ತು ಸೆಕೆಂಡಿಗೆ ತಾನಾಗಿ ಬೀಗ ಬೀಳುವಂತೆ ಇಟ್ಟಿದ್ದೆ. ಅಮ್ಮ ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ನೀರು ಹಾಕಿ, ಹೊಸಿಲು ತೊಳೆದು ರಂಗೋಲಿ ಇಡುವವರು. ಗಾಳಿಗೆ ಬಾಗಿಲು ಮುಚ್ಚಿತು, ಬೀಗ ಬಿತ್ತು. ಫೋನ್ ಒಳಗೆ. ಒದ್ದೆ ಕೈ, ಬೆರಳ ತುದಿಗೆಲ್ಲ ರಂಗೋಲಿ ಹುಡಿ. ಯಂತ್ರ ಬೆರಳು ಗುರುತಿಸಲಿಲ್ಲ. ಐದು ಸಲ ತಪ್ಪಾದ ಮೇಲೆ ಅದು ಕೆಲವು ನಿಮಿಷ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ. ತಮ್ಮದೇ ಮನೆಯ ಎದುರು ಅಮ್ಮ ಕಳ್ಳರಂತೆ ನಿಂತಿದ್ದರಂತೆ. ಆವತ್ತೇ ಸ್ವಯಂ ಬೀಗ ನಿಲ್ಲಿಸಿದೆ. ಈಗ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮಾತ್ರ ಅದು ಕೆಲಸ ಮಾಡುತ್ತದೆ. ನಿಮ್ಮ ಬೀಗದಲ್ಲಿ ಸಮಯ ಗೊತ್ತುಮಾಡುವ ಸೌಲಭ್ಯ ಇಲ್ಲದಿದ್ದರೆ ಪೂರ್ತಿ ನಿಲ್ಲಿಸಿಬಿಡಿ.

ಬೆರಳಚ್ಚನ್ನು ನೆಚ್ಚಬೇಡಿ. ವರ್ಷಗಟ್ಟಲೆ ಪಾತ್ರೆ ತಿಕ್ಕಿದ, ತೋಟದ ಕೆಲಸ ಮಾಡಿದ ಬೆರಳಿನ ಗೆರೆ ಸವೆದಿರುತ್ತದೆ. ಅಮ್ಮನ ಬಲಗೈ ಹೆಬ್ಬೆರಳು ಒಮ್ಮೆಯೂ ಸರಿಯಾಗಿ ಹಿಡಿಯಲಿಲ್ಲ, ಎಡಗೈಯ ಉಂಗುರ ಬೆರಳು ಹಿಡಿಯಿತು. ಅದೇ ಬೆರಳನ್ನು ಒಣಗಿದ್ದಾಗ ಒಮ್ಮೆ, ಸ್ನಾನ ಮಾಡಿ ಬಂದ ಮೇಲೆ ಒಮ್ಮೆ ಎಂದು ಎರಡು ಸಲ ನೋಂದಾಯಿಸಿ. ಬಹಳ ವ್ಯತ್ಯಾಸ ಬರುತ್ತದೆ. ಬಾಗಿಲು ತೆಗೆಯುವ ಗುಟ್ಟಿನ ಅಂಕಿ ಮಾತ್ರ ಅವರೇ ಆರಿಸಿಕೊಳ್ಳಲಿ. ನಾವು ಕೊಟ್ಟ ಅಂಕಿ ಅವರಿಗೆ ಗಾಬರಿಯಲ್ಲಿ ನೆನಪಾಗುವುದಿಲ್ಲ. ಅಮ್ಮ ಆರಿಸಿದ್ದು ಮೂವತ್ತು ವರ್ಷದ ಹಿಂದಿನ ಯಾವುದೋ ಸಂಖ್ಯೆ. ಏನೆಂದು ನಾನು ಕೇಳಲೂ ಇಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಬಾಗಿಲು ತೆಗೆದಾಗಲೆಲ್ಲ ನನ್ನ ಫೋನಿಗೆ ಸುದ್ದಿ ಬರುತ್ತಿತ್ತು. ಒಂದು ದಿನ "ಇವತ್ತು ಬೆಳಿಗ್ಗೆಯೇ ಎಲ್ಲಿಗೆ ಹೋಗಿದ್ದೆ ಅಮ್ಮ?" ಅಂದೆ. ಅಮ್ಮ ಮಾತಾಡಲಿಲ್ಲ. ಸಂಜೆ ಅಪ್ಪ ಹೇಳಿದರು, "ಅವಳಿಗೆ ಕಾವಲು ಹಾಕಿದ ಹಾಗೆ ಆಗಿದೆ" ಅಂತ. ಆಮೇಲೆ ಆ ಸುದ್ದಿ ಬರುವುದನ್ನು ನಿಲ್ಲಿಸಿದೆ. ಈಗ ಸೆಲ್ ಇಳಿದರೆ, ತಪ್ಪು ಅಂಕಿ ಪದೇ ಪದೇ ಒತ್ತಿದರೆ ಮಾತ್ರ ತಿಳಿಯುತ್ತದೆ. ಬೀಗ ತರುವ ಮೊದಲು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕೇಳಿ. ಮನೆ ಅವರದು.

ಬೆಂಗಳೂರಿನಿಂದ

ನೆಟ್‌ವರ್ಕ್ ಕೆಲಸದವನು ನಾನು, ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಬಹುತೇಕ ಬೀಗಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಈಗಿನ ರೌಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ಜೋಡಿಸುವಾಗ ಫೋನ್ 5ರಲ್ಲಿ, ಬೀಗ 2.4ರಲ್ಲಿ ಕೂತು ಒಂದನ್ನೊಂದು ಕಾಣದೆ ಒದ್ದಾಡುವುದುಂಟು. ರೌಟರ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿ. ರೌಟರ್‌ನ ಭದ್ರತೆಯ ಆಯ್ಕೆ ಡಬ್ಲ್ಯುಪಿಎ3 (ವೈಫೈ ಭದ್ರತೆಯ ಹೊಸ ಬಗೆ) ಮಾತ್ರ ಎಂದಿದ್ದರೆ ಹಳೆ ಬೀಗಗಳು ಸೇರುವುದಿಲ್ಲ, ಡಬ್ಲ್ಯುಪಿಎ2 ಕೂಡ ಇರುವ ಮಿಶ್ರ ಆಯ್ಕೆ ಇಡಿ. ಮುಂದೆ ರೌಟರ್ ಬದಲಾದರೆ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಡಿ. ಬೀಗ ತಾನಾಗಿ ಸೇರಿಕೊಳ್ಳುತ್ತದೆ, ನೀವು ಪುಣೆಯಿಂದ ಬಸ್ಸು ಹತ್ತಬೇಕಿಲ್ಲ.

ಬೀಗದೊಳಗೇ ವೈಫೈ ಇರುವುದಕ್ಕಿಂತ ಬ್ಲೂಟೂತ್ ಬೀಗ ಮತ್ತು ಅದನ್ನು ವೈಫೈಗೆ ಜೋಡಿಸಲು ಗೋಡೆಯ ಪ್ಲಗ್ಗಿಗೆ ಹಾಕುವ ಗೇಟ್‌ವೇ ಇರುವುದು ನಿಮಗೆ ಸರಿ ಅನ್ನಿಸುತ್ತದೆ. ವೈಫೈ ಸೆಲ್ ತಿನ್ನುತ್ತದೆ, ಬ್ಲೂಟೂತ್ ಅಷ್ಟು ತಿನ್ನುವುದಿಲ್ಲ. ಗೇಟ್‌ವೇ ಬಾಗಿಲಿಂದ ನಾಲ್ಕೈದು ಮೀಟರ್ ಒಳಗಿರಲಿ, ನಡುವೆ ಊರುಮನೆಯ ದಪ್ಪ ಗೋಡೆ ಬರದಿರಲಿ. ಕರೆಂಟ್ ಹೋದರೂ ಬೀಗ ಸೆಲ್ಲಿನ ಮೇಲೆ ನಡೆಯುತ್ತದೆ, ಅಂಕಿ ಒತ್ತಿದರೆ ತೆರೆಯುತ್ತದೆ. ಪುಣೆಯಿಂದ ತೆಗೆಯುವುದು ಮಾತ್ರ ಆಗದು. ರೌಟರ್‌ಗೆ, ಫೈಬರ್ ಪೆಟ್ಟಿಗೆಗೆ, ಗೇಟ್‌ವೇಗೆ ಸಣ್ಣ ಯುಪಿಎಸ್ ಕೊಟ್ಟರೆ ಕೆಲವು ಗಂಟೆ ತಳ್ಳಬಹುದು. ಎರಡು ದಿನ ಆಗದು. ಹಾಗಾಗಿ ನೀವು ದೂರದಿಂದ ತೆಗೆಯುವುದನ್ನೇ ನಂಬಿ ಯೋಜನೆ ಮಾಡಬೇಡಿ. ಪಕ್ಕದ ಮನೆಯ ಅಣ್ಣನಿಗೇ ಒಂದು ಅಂಕಿ ಕೊಡಿ, ಜೊತೆಗೆ ಒಂದು ಕೀಲಿಕೈ. ಕೀಲಿರಂಧ್ರವಿಲ್ಲದ ಬೀಗ ಬೇಡವೇ ಬೇಡ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಕಂಪನಿ ತಪ್ಪು ಸಾಫ್ಟ್‌ವೇರ್ ಕಳಿಸಿ ಸುಮಾರು 500 ಬೀಗಗಳು ಒಟ್ಟಿಗೆ ಕೆಟ್ಟವು. ಆಗ ಕೈಹಿಡಿದದ್ದು ಕೀಲಿಕೈಯೇ. ಸಾಫ್ಟ್‌ವೇರ್ ಹೊಸದು ಬಂದಾಗ ಹಾಕಿಕೊಳ್ಳಬೇಕು, ನಿಜ, ಆದರೆ ಮನೆಯಲ್ಲಿ ಯಾರಾದರೂ ಇರುವ ಹೊತ್ತಿನಲ್ಲಿ, ಹಗಲಿನಲ್ಲಿ.

ಸೆಲ್ ಕ್ಷಾರೀಯವೇ ಇರಲಿ, ಅಂಗಡಿಯಲ್ಲಿ ಆಲ್ಕಲೈನ್ ಎಂದು ಕೇಳಿ. ಚಾರ್ಜ್ ಮಾಡುವ ಸೆಲ್ಲಿನದು 1.2 ವೋಲ್ಟ್, ಸಾಮಾನ್ಯದ್ದು 1.5, ಬೀಗದ ಲೆಕ್ಕ ತಪ್ಪಿ ಸೆಲ್ ಇಳಿದ ಎಚ್ಚರಿಕೆ ಸರಿಯಾದ ಹೊತ್ತಿಗೆ ಬರುವುದಿಲ್ಲ. ಸೆಲ್ ಪೂರ್ತಿ ಸತ್ತಾಗ ಬೀಗ ತೆಗೆಯಲು ಹೊರಗೆ ಪವರ್ ಬ್ಯಾಂಕ್ ಚುಚ್ಚುವ ಕಿಂಡಿ ಅಥವಾ 9 ವೋಲ್ಟ್ ಬ್ಯಾಟರಿ ತಾಗಿಸುವ ಜಾಗ ಇದೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯ: ಬೀಗ ಯಾರ ಫೋನಿಗೆ ಸೇರಿದೆ? ಕೂರಿಸಲು ಬಂದ ಹುಡುಗ ಪರೀಕ್ಷೆಗೆಂದು ತನ್ನ ಫೋನಿನಲ್ಲೇ ಸೇರಿಸಿ, ಆಮೇಲೆ ನಿಮಗೆ ಹಂಚಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾನೂನಿನ ಪ್ರಕಾರ ಮನೆ ನಿಮ್ಮದು, ಬೀಗದ ಲೆಕ್ಕದಲ್ಲಿ ಯಜಮಾನ ಅವನು. ಅವನು ಹೋದ ಮೇಲೆ ಬೀಗವನ್ನು ಮೊದಲಿನ ಸ್ಥಿತಿಗೆ ತಂದು, ನಿಮ್ಮ ಕೈಯಾರೆ ಮತ್ತೆ ಸೇರಿಸಿ. ಪೆಟ್ಟಿಗೆಯ ಜೊತೆ ಬಂದ 123456 ಥರದ ಮೂಲ ಅಂಕಿ ಆ ಗಳಿಗೆಯೇ ಬದಲಾಗಲಿ. ಬೀಗದ ಆ್ಯಪ್‌ನ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ.

ನ್ಯೂಜೆರ್ಸಿಯಿಂದ

ಇಲ್ಲಿಂದ ಬೀಗ ತಂದುಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಣ್ಣನ ಮನೆಗೆಂದು ದಾವಣಗೆರೆಗೆ ತಂದು ಸೋತವಳು ನಾನು. ಇಲ್ಲಿನದಕ್ಕೆ ಕದದಲ್ಲಿ 54 ಮಿಲಿಮೀಟರ್ ಅಗಲದ ದುಂಡು ತೂತು ಬೇಕು, ನಮ್ಮ ಕಡೆಯ ಬೀಗದ ಗೂಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದರಲ್ಲೂ ಜೀ-ವೇವ್ (ವೈಫೈ ಅಲ್ಲದ ಇನ್ನೊಂದು ಬಗೆಯ ರೇಡಿಯೋ ಸಂಪರ್ಕ) ಬೀಗವಾದರೆ ಅಮೆರಿಕದ್ದು 908 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಭಾರತದ್ದು 865ರಲ್ಲಿ. ಭಾರತದಲ್ಲಿ ಕೊಂಡ ಹಬ್ (ಬೀಗವನ್ನು ಇಂಟರ್‌ನೆಟ್ಟಿಗೆ ಸೇರಿಸುವ ಪೆಟ್ಟಿಗೆ) ಜೊತೆ ಅದು ಸೇರುವುದೇ ಇಲ್ಲ.

ಶಿವಮೊಗ್ಗದಿಂದ

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಮುಂಬಾಗಿಲ ಬಗ್ಗೆ ಎಲ್ಲರೂ ಹೇಳಿದರು. ಬಚ್ಚಲುಮನೆಯ ಚಿಲಕ ಮರೆಯಬೇಡಿ ಅಣ್ಣ. ವಯಸ್ಸಾದವರು ಬಿದ್ದು ನಮ್ಮಲ್ಲಿಗೆ ಬರುವಾಗ "ಬಚ್ಚಲಲ್ಲಿ ಜಾರಿದರು" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಒಳಗೆ ಚಿಲಕ, ಹೊರಗೆ ಮನೆಯವರ ಅಳು. ಹೊರಗಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಚಿಲಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಇಂಟರ್‌ನೆಟ್ಟೂ ಬೇಡ, ಸೆಲ್ಲೂ ಬೇಡ. ದೀಪಾವಳಿವರೆಗೆ ಕಾಯಬೇಡಿ, ಈ ವಾರವೇ ಹಾಕಿಸಿ.

ಪುಣೆಯಿಂದ, ಕೇಳಿದವನು

ಎಲ್ಲರಿಗೂ ಕೈಮುಗಿದೆ. ನಿನ್ನೆ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಅವತ್ತು ಹಾಕಿದ್ದು ಚಿಲಕವೇ. ಬೀಗ ಮುಟ್ಟೇ ಇಲ್ಲವಂತೆ. ಇಷ್ಟು ದಿನ ನಾನು ಬೀಗಗಳ ಬೆಲೆ ನೋಡುತ್ತ ಕೂತಿದ್ದೆ, ಒಂದು ಸಲವೂ ಇದು ತಲೆಗೆ ಬಂದಿರಲಿಲ್ಲ.

ಬಚ್ಚಲ ಚಿಲಕ ಬದಲಿಸಲು ಪಕ್ಕದ ಮನೆಯ ಅಣ್ಣನಿಗೆ ಹೇಳಿದ್ದೇನೆ, ನಾಳೆ ತರುತ್ತಾರೆ. ಮುಂಬಾಗಿಲ ಚಿಲಕ ತೆಗೆಸುತ್ತೇನೆ ಅಂದಾಗ ಅಪ್ಪ ಮೊದಲು ಒಪ್ಪಲಿಲ್ಲ. "ಚಿಲಕ ಇಲ್ಲದ ಬಾಗಿಲು ಬಾಗಿಲೇನೋ?" ಅಂದರು. ಕೊನೆಗೆ ಅಮ್ಮನೇ ಮಧ್ಯೆ ಬಂದು, "ರಾತ್ರಿ ಬೀಗ ಬಿದ್ದ ಸಪ್ಪಳ ನನಗೆ ಕೇಳಬೇಕು, ಹಾಗಿದ್ದರೆ ಚಿಲಕ ಬೇಡ" ಅಂದರು. ಸಪ್ಪಳ ಮಾಡುವ ಬೀಗ ಹುಡುಕಬೇಕು ಈಗ. ಬಾಗಿಲು ತೆಗೆದ ಸುದ್ದಿ ನನಗೆ ಬರುವುದು ಬೇಡವೆಂದೂ ಇಬ್ಬರಿಗೆ ಮಾತು ಕೊಟ್ಟೆ.

ಹುಬ್ಬಳ್ಳಿಯ ಅಣ್ಣ, ಕದದ ದಪ್ಪ 42 ಮಿಲಿಮೀಟರ್, ಪಕ್ಕದ ಪಟ್ಟಿ 130, ಕೆತ್ತನೆ ನಡುವೆ ಮಾತ್ರ. ಬಡಗಿಯನ್ನು ಯಾವಾಗ ಕರೆಸಲಿ?

ಹುಬ್ಬಳ್ಳಿಯಿಂದ

ಆ ಅಳತಿ ಸಾಕ್ರಿ ಸರ್, ಬೀಗ ಆರಾಮ ಕುಂದ್ರತೈತಿ. ಈಗ ಉಬ್ಬಿದ ಕದಾನ ಹತ್ರಿ ಹೊಡಸಬ್ಯಾಡ್ರಿ, ಬ್ಯಾಸಿಗ್ಯಾಗ ಸಂದಿ ಬೀಳತೈತಿ. ಮಳಿ ನಿಂತು ಎರಡು ವಾರ ಬಿಸಲಾ ಬಿದ್ದ ಮ್ಯಾಲೆ ಕರಸ್ರಿ. ನೀವು ಊರಿಗೆ ಹೋಗೋ ಎರಡು ದಿನ ಮೊದಲ ಬಡಿಗ್ಯಾನ ಕೆಲಸ ಮುಗೀಲಿ, ವಾರ್ನಿಶ್ ಒಣಗಲಿ. ನೀವು ಹೋದ ಮರುದಿನನ ಬೀಗ ಕೂಡಸ್ರಿ, ಉಳದ ಐದು ದಿನ ತಾಯಿ ತಂದಿ ಕೈಲೆ ದಿನಾ ಹಾಕಿ ತಗಸ್ರಿ. ಸಪ್ಪಳದ ಚಿಂತಿ ಬ್ಯಾಡ್ರಿ, ಮೋಟಾರ್ ಬೀಗ ಎಲ್ಲಾ ಝುಂಯ್ ಅಂತಾವ, ಅಡಗಿ ಮನಿತನಕ ಕೇಳತೈತಿ.